ಶಬ್ದಮೂಲಗಳ ಪರಿಚಯ ಎಳೆಯರಿಗೂ ಬೇಕು

ಶಬ್ದಗಳನ್ನು ಬಾಯಿಪಾಠ ಮಾಡುವುದೇ ಇಂಗ್ಲಿಷ್ ಕಲಿಯುವುದೆಂಬ ಭಾವನೆ ನಮ್ಮ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಇಂದಿಗೂ ಬೇರೂರಿದೆ. ಮಕ್ಕಳು ಶಬ್ದವನ್ನೂ ಅದರ ಅಕ್ಷರಗಳನ್ನೂ ಅರ್ಥವನ್ನೂ ಉರುಹೊಡೆಯುತ್ತಾರೆ. ತಿಂಗಳು ಕಳೆಯುವುದರೊಳಗೆ ಮರೆಯುತ್ತಾರೆ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದ ಇಂಗ್ಲಿಷಿಗೆ ಬಂದಿರುವ ಶಬ್ದಮೂಲಗಳಲ್ಲಿ ಕೆಲವನ್ನಾದರೂ ಐದನೆಯ ತರಗತಿಯಿಂದಲೇ ಹೇಳಿಕೊಟ್ಟರೆ ಈ ಶ್ರಮ ಬಹುಮಟ್ಟಿಗೆ ಹಗುರವಾದೀತೆಂಬುದು ನನ್ನ ಅಭಿಪ್ರಾಯ.

ಗ್ರೀಕ್, ಲ್ಯಾಟಿನ್ ಎಂದೊಡನೆ ಯಾರೂ ಹೆದರಬೇಕಾಗಿಲ್ಲ. ಆ ಭಾಷೆಗಳ ವ್ಯಾಕರಣ ಮಕ್ಕಳಿಗೆ ಬೇಡ. 'ಟೆಲಿ' ಎಂದರೆ ದೂರ, 'ಮೈಕ್ರೋ' ಎಂದರೆ ಸಣ್ಣದು, 'ಫೋನ್' ಎಂದರೆ ಧ್ವನಿ, 'ಸ್ಕೋಪ್' ಎಂದರೆ ನೋಡುವ ಸಾಧನ. ಇಷ್ಟು ತಿಳಿದವನಿಗೆ ಟೆಲಿಫೋನ್, ಟೆಲಿಸ್ಕೋಪ್, ಮೈಕ್ರೋಫೋನ್, ಮೈಕ್ರೋಸ್ಕೋಪ್ ಎಂಬ ನಾಲ್ಕು ಶಬ್ದಗಳೂ ಸುಲಭವಾಗಿ ಬಿಚ್ಚಿಕೊಳ್ಳುತ್ತವೆ. ಅಳತೆಯೆಂಬ ಅರ್ಥದ 'ಮೀಟರ್', ಶಾಖವೆಂಬ ಅರ್ಥದ 'ಥರ್ಮೋ' ಸೇರಿದರೆ ಥರ್ಮಾಮೀಟರ್ ಕೂಡ ಪರಿಚಿತವಾಗುತ್ತದೆ.

ನಮ್ಮ ಕನ್ನಡ ಪಠ್ಯಪುಸ್ತಕಗಳ ಪಾರಿಭಾಷಿಕ ಶಬ್ದಗಳಲ್ಲಿಯೂ ಇದೇ ಬಗೆಯ ರಚನೆಯುಂಟು. 'ಫೋಟೋಸಿಂಥೆಸಿಸ್' ಎಂಬಲ್ಲಿ 'ಫೋಟೋ' ಬೆಳಕು, 'ಸಿಂಥೆಸಿಸ್' ಕೂಡಿಸುವಿಕೆ. 'ದ್ಯುತಿಸಂಶ್ಲೇಷಣೆ' ಎಂಬಲ್ಲಿಯೂ 'ದ್ಯುತಿ' ಬೆಳಕು, 'ಸಂಶ್ಲೇಷಣೆ' ಕೂಡಿಸುವಿಕೆ. ಹಳ್ಳಿಯ ಮಗುವಿಗೆ ಇವೆರಡೂ ಸಮಾನವಾಗಿ ಅಪರಿಚಿತವೇ. ಎರಡನ್ನೂ ಜೊತೆಯಲ್ಲಿಟ್ಟು ಬಿಡಿಸಿ ತೋರಿಸಿದರೆ, ಬೆಳಕಿನ ನೆರವಿನಿಂದ ಎಲೆಯು ಆಹಾರವನ್ನು ತಯಾರಿಸುವ ಸಂಗತಿ ಹೆಸರಿನಿಂದಲೇ ನೆನಪಿಗೆ ಬರುತ್ತದೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದನು. ಕನ್ನಡವು ಬೇರೆ ಕುಲದ ಭಾಷೆಯಾದರೂ ಸಂಸ್ಕೃತದಿಂದ ಬಂದ ಎಷ್ಟೋ ಶಬ್ದಗಳು ನಮ್ಮ ಮಕ್ಕಳ ಕಿವಿಗೆ ಬಿದ್ದಿವೆ. ಲ್ಯಾಟಿನ್ನಿನ ಸೆಪ್ಟೆಮ್, ಆಕ್ಟೋ, ನೊವೆಮ್, ಡೆಕೆಮ್ ಎಂಬವು ನಮ್ಮ ಸಪ್ತ, ಅಷ್ಟ, ನವ, ದಶಗಳ ಬಂಧುಗಳು. ಮಾರ್ಚಿಯಿಂದ ವರ್ಷ ಆರಂಭವಾಗುತ್ತಿದ್ದ ಹಳೆಯ ರೋಮನ್ ಪಂಚಾಂಗದಲ್ಲಿ ಸೆಪ್ಟೆಂಬರ್ ಏಳನೆಯ ತಿಂಗಳಾಗಿತ್ತು, ಡಿಸೆಂಬರ್ ಹತ್ತನೆಯದು. ಡೆಂಟಿಸ್ಟನಲ್ಲಿ ದಂತವೂ ಪೆಡಲಿನಲ್ಲಿ ಪಾದವೂ ಹೀಗೆಯೇ ಕಂಡುಬರುತ್ತವೆ.

ಶಬ್ದಮೂಲ ಕೆಲವೊಮ್ಮೆ ದಾರಿತಪ್ಪಿಸುತ್ತದೆಯೆಂದು ಆಕ್ಷೇಪಿಸಬಹುದು. ನಿಜ, ಮಕ್ಕಳ ವೈದ್ಯಕ್ಕೆ ಹೇಳುವ 'ಪೀಡಿಯಾಟ್ರಿಕ್ಸ್' ಎಂಬ ಶಬ್ದಕ್ಕೂ ಪಾದಕ್ಕೂ ಸಂಬಂಧವಿಲ್ಲ, ಅಲ್ಲಿರುವುದು ಮಗುವೆಂಬ ಅರ್ಥದ ಗ್ರೀಕ್ ಮೂಲ. ಆದುದರಿಂದ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ನೋಡಿಕೊಳ್ಳುವ ಅಭ್ಯಾಸವನ್ನೂ ಜೊತೆಗೇ ಕಲಿಸಬೇಕು. ಇನ್ನು ಪಾಠದ ಹೊರೆ ಹೆಚ್ಚುವುದೆಂಬ ಭಯ. ವಾರಕ್ಕೊಂದು ಮೂಲದಂತೆ, ಪರೀಕ್ಷೆಯಿಲ್ಲದೆ, ಆಟದಂತೆ ಹೇಳಿಕೊಟ್ಟರೂ ಏಳನೆಯ ತರಗತಿ ಮುಗಿಯುವುದರೊಳಗೆ ನೂರರ ಸಮೀಪ ಮೂಲಗಳು ಮಕ್ಕಳ ವಶವಾಗುತ್ತವೆ.

ಇಂಗ್ಲಿಷ್ ಬಲ್ಲ ತಂದೆತಾಯಿಗಳ ಮಕ್ಕಳು ಶಬ್ದಗಳನ್ನು ಊಟದ ಹೊತ್ತಿನಲ್ಲಿಯೇ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಕನ್ನಡ ಮಾಧ್ಯಮದಲ್ಲಿ ಓದಿ ನನ್ನೊಡನೆ ಊರಿನಿಂದ ಹೊರಟ ಗೆಳೆಯರಲ್ಲಿ ಕೆಲವರು ಪಿ.ಯು.ಸಿ. ವಿಜ್ಞಾನವನ್ನು ನಡುವಿನಲ್ಲಿಯೇ ಬಿಟ್ಟರು. ವಿಷಯಕ್ಕಿಂತ ಶಬ್ದಗಳೇ ಅವರನ್ನು ಹೆದರಿಸಿದವು; ತಾವು ದಡ್ಡರೆಂದು ಅವರು ತಿಳಿದುಕೊಂಡರು. ಮನೆಯಲ್ಲಿ ಸಿಗದುದನ್ನು ಶಾಲೆಯಾದರೂ ಕೊಡಬೇಡವೇ?

ಈ ಕಾಲೇಜಿನಿಂದ ಹೊರಬೀಳುವ ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ಇದಕ್ಕೆ ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಒಂದು ಕರಿಹಲಗೆ, ಒಂದು ನಿಘಂಟು, ವಾರದಲ್ಲಿ ಕಾಲು ಗಂಟೆ ಇದ್ದರೆ ಸಾಕು.