ಕ್ಯಾಮೆರಾ ನಿಮ್ಮದು, ಬಿಲ್ಲೂ ನಿಮ್ಮ ಹೆಸರಲ್ಲೇ ಇರಲಿ

‘ಎಷ್ಟು ಚೆನ್ನಾಗಿ ಫೋಟೊ ತೆಗೀತೀಯೇ! ನಮ್ಮ ಪುಟ್ಟಿ ನಾಮಕರಣಕ್ಕೂ ಬಂದು ನಾಲ್ಕು ತೆಗೆದುಕೊಡು...’

ಕ್ಯಾಮೆರಾ ಹಿಡಿಯಬಲ್ಲ ಗೃಹಿಣಿಯರಿಗೆಲ್ಲ ಈ ಮಾತು ಗೊತ್ತು. ಹೋದರೆ ಹೊಗಳಿಕೆ ಸಿಗುತ್ತೆ, ಹೊಟ್ಟೆ ತುಂಬಾ ಊಟವೂ ಸಿಗುತ್ತೆ. ದುಡ್ಡು? ಅವರು ಕೇಳುವುದಿಲ್ಲ, ನೀವು ಹೇಳುವುದಿಲ್ಲ. ಅದೇ ಮನೆಯ ಮದುವೆಗೆ ಸ್ಟುಡಿಯೊದವರು ಮುಂಗಡ ಪಡೆದೇ ಬರುತ್ತಾರೆ ಎಂಬುದನ್ನು ಗಮನಿಸಿದ್ದೀರಾ?

ಇದಕ್ಕೆಲ್ಲ ಬೆಂಗಳೂರಿನಲ್ಲೇ ಇರಬೇಕು ಎನ್ನಬೇಡಿ. ಸಾಗರ ತಾಲ್ಲೂಕಿನ ಆನಂದಪುರವನ್ನೇ ನೋಡಿ. ಶಿವಮೊಗ್ಗ-ಸಾಗರ ರಸ್ತೆಯ ಊರು, ತಾಳಗುಪ್ಪ ಮಾರ್ಗದ ರೈಲು ನಿಲ್ದಾಣವೂ ಇದೆ. ಪಕ್ಕದ ಮಲಂದೂರಿನಲ್ಲಿ ಚಂಪಕ ಸರಸು ಕೊಳ, ಸಾಗರ ದಾಟಿದರೆ ಇಕ್ಕೇರಿ, ಕೆಳದಿ. ಇನ್ನು ಸೀಮಂತ, ಬಾಣಂತಿ-ಮಗುವಿನ ಫೋಟೊಗೆ ಹೆಂಗಸರೇ ಬಂದರೆ ಮನೆಯವರಿಗೆ ಎಷ್ಟು ನಿರಾಳ! ಸಾಗರದ ಗುಡಿಗಾರರ ಗಂಧದ ಕೆತ್ತನೆ, ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ, ಅಪ್ಪೆಮಿಡಿ ಉಪ್ಪಿನಕಾಯಿ ದೂರದೂರಿಗೆ ಮಾರಾಟವಾಗಬೇಕಾದರೂ ಒಳ್ಳೆಯ ಫೋಟೊ, ಚಿಕ್ಕ ವಿಡಿಯೊ ಬೇಕು. ಆಷಾಢದಲ್ಲಿ ಮದುವೆ ಇಲ್ಲ, ಮಳೆಯೂ ಬಿಡುವುದಿಲ್ಲ. ಮನೆಯೊಳಗೇ ಮಾಡಬಹುದಾದ ಇಂಥ ಕೆಲಸಕ್ಕೆ ಅದೇ ಸರಿಯಾದ ಸಮಯ.

ಆದರೆ ಇದು ತಿಂಗಳ ಸಂಬಳದ ಹಾಗಲ್ಲ. ಮದುವೆ ಸೀಸನ್‌ನಲ್ಲಿ ಬಂದದ್ದನ್ನು ಖಾಲಿ ತಿಂಗಳುಗಳಿಗೆ ಎತ್ತಿಡಬೇಕು. ಜೊತೆಗೆ ಇವಿಷ್ಟು ನೆನಪಿರಲಿ:

* ಸಾಲ ಮಾಡಿ ಮೊದಲೇ ದೊಡ್ಡ ಕ್ಯಾಮೆರಾ ಕೊಳ್ಳಬೇಡಿ. ಒಂದು ಸೀಸನ್ ಪರಿಚಯದ ಸ್ಟುಡಿಯೊದವರ ಜೊತೆ ಎರಡನೇ ಕ್ಯಾಮೆರಾ ಹಿಡಿಯಿರಿ, ಲೆನ್ಸ್ ಬಾಡಿಗೆಗೆ ತನ್ನಿ. ಕೆಲಸ ಕುದುರಿದ ಮೇಲೆ ಮುದ್ರಾ ಯೋಜನೆಯ ‘ಶಿಶು’ ಸಾಲ ಕೇಳಬಹುದು. 50,000 ರೂಪಾಯಿವರೆಗೆ ಜಾಮೀನು ಬೇಕಿಲ್ಲ.

* ಎಷ್ಟು ಗಂಟೆ ಕೆಲಸ, ಎಷ್ಟು ಫೋಟೊ, ಆಲ್ಬಂ ಖರ್ಚು ಯಾರದು, ಮುಂಗಡ ಎಷ್ಟು, ಬಾಕಿ ಯಾವಾಗ... ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ನೆಂಟರಾದರೂ ಸರಿ! 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಮದುಮಗಳ ಚಿತ್ರವನ್ನು ನಿಮ್ಮ ಪ್ರಚಾರಕ್ಕೆ ಹಾಕಿಕೊಳ್ಳಬೇಕೆಂದರೆ ಅದೂ ಆ ಹಾಳೆಯಲ್ಲಿರಲಿ.

* ತೆಗೆದದ್ದನ್ನು ಅದೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ಕಾರ್ಡ್ ಕೆಟ್ಟಿತೆಂದು ಇನ್ನೊಮ್ಮೆ ತಾಳಿ ಕಟ್ಟಿಸಲಾಗುತ್ತದೆಯೇ?

* ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿಗೆ ನೀರು ಬಿಡುವ ಹಾಗೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ.

* ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೂ ಬಿಲ್ಲು ಬರೆಯಿರಿ, ಲೆಕ್ಕ ಇಡಿ.

ನಿಮ್ಮ ಹೆಸರಿನ ಬಗ್ಗೆಯೇ ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಗೊತ್ತೇ? ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವರಿಗೆ 97 ವರ್ಷ. ಅಂಥವರಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಯಜಮಾನರು ಬೈಕಿನಲ್ಲಿ ಬಿಟ್ಟು ಬರಲಿ, ಲೈಟ್ ಸ್ಟ್ಯಾಂಡ್ ಹಿಡಿಯಲಿ, ಸಂತೋಷ. ‘ನಮ್ಮನೆಯವಳು ಟೈಮ್‌ಪಾಸ್‌ಗೆ ಮಾಡ್ತಾಳೆ’ ಎಂದು ಮಾತ್ರ ಹೇಳದಿರಲಿ.

ಮುಂದಿನ ಸಲ ಯಾರಾದರೂ ‘ನಾಲ್ಕು ಫೋಟೊ ತೆಗೆದುಕೊಡೇ’ ಎಂದರೆ ನಗುನಗುತ್ತಲೇ ಹೇಳಿ: ‘ಖಂಡಿತ ಬರ್ತೀನಿ ಅತ್ತಿಗೆ, ನನ್ನ ರೇಟು ಇಷ್ಟು.’ ಮೊದಲ ಸಲ ನಾಲಿಗೆ ತಡವರಿಸುತ್ತದೆ. ಎರಡನೇ ಸಲಕ್ಕೆ ಸಲೀಸು. ಏನಂತೀರಿ?