ಕೊರಳ ಹಾರವಾದ ಸಂಖ್ಯೆ

ನೃಪತುಂಗನ ಕಾಲವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವುದು 'ಕವಿರಾಜಮಾರ್ಗ'. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ಅಮೋಘವರ್ಷನನ್ನು ಆರಂಭದಲ್ಲಿಯೇ ಸ್ತುತಿಸಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವನ್ನು ಗಣಿತದ ಇತಿಹಾಸಕಾರರ ಪಾಲಿಗೆ ಬಿಟ್ಟುಕೊಡಲಾಗಿದೆ. ಈ ಪಾಲುಪಟ್ಟಿ ಸರಿಯಲ್ಲವೆಂಬುದಕ್ಕೆ ಆ ಗ್ರಂಥದ ಒಂದು ಸಂಖ್ಯೆಯೇ ಸಾಕ್ಷಿ.

ಗುಣಾಕಾರದ ಉದಾಹರಣೆಗಳಲ್ಲಿ ಆಚಾರ್ಯರು 27994681 ಎಂಬುದನ್ನು 441ರಿಂದ ಗುಣಿಸಲು ಹೇಳುತ್ತಾರೆ. ನೋಡಲು ಎರಡೂ ನೀರಸ ಸಂಖ್ಯೆಗಳು. ಫಲ ಮಾತ್ರ 12345654321: ಒಂದರಿಂದ ಆರಕ್ಕೆ ಏರಿ, ಅದೇ ಮೆಟ್ಟಿಲುಗಳಲ್ಲಿ ಒಂದಕ್ಕೆ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಫಲಗಳನ್ನು ಅವರು ಕಂಠಿಕೆ, ಅಂದರೆ ಕೊರಳ ಹಾರ, ಎಂದು ಕರೆಯುತ್ತಾರೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು ಬರುತ್ತದೆ. 142857143ನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಗಳಲ್ಲಿ ಮಾತ್ರ ಮಣಿಯಿರುವ ಹಾರ.

ಮೊದಲ ಹಾರದ ಹೆಣಿಗೆಯನ್ನು ಬಿಚ್ಚಿ ನೋಡಬೇಕು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಎಂದರೆ ಹಾರವು ಆರು ಒಂದುಗಳ ವರ್ಗವೇ ಹೊರತು ಬೇರೆಯಲ್ಲ. ಅದರ ನಡುಮಣಿ ಆರಾಗಿರುವುದು ಅದಕ್ಕಾಗಿ. ಒಂಬತ್ತು ಒಂದುಗಳವರೆಗೆ ಈ ಏರಿಳಿತ ಕೆಡುವುದಿಲ್ಲ. ಹತ್ತನೆಯದು ಸೇರಿದರೆ ದಶಕ ಮುಂದಿನ ಸ್ಥಾನಕ್ಕೆ ಹೋಗಿ ಹಾರ ಹರಿಯುತ್ತದೆ. ಆಚಾರ್ಯರು 111111ನ್ನು ನೇರವಾಗಿ ವರ್ಗಮಾಡಿಸಿದ್ದರೆ ಗುಟ್ಟು ಮೊದಲೇ ಬಯಲಾಗುತ್ತಿತ್ತು. ಶಿಷ್ಯನ ಕಣ್ಣಿಗೆ ಸೊಬಗು ಬೀಳುವುದು ಲೆಕ್ಕ ಮುಗಿದ ಮೇಲೆ. ಒಂದು ಮಣಿ ತಪ್ಪಿದರೂ ಹಾರವೇ ತಪ್ಪನ್ನು ತೋರಿಸುತ್ತದೆ.

ಅಲಂಕಾರಶಾಸ್ತ್ರ ಓದಿದವರಿಗೆ ಇದು ಅಪರಿಚಿತವಲ್ಲ. 'ಕವಿರಾಜಮಾರ್ಗ'ವು ಋಣಿಯಾಗಿರುವ ದಂಡಿಯ 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದ ಯಮಕ, ಗೋಮೂತ್ರಿಕೆ, ಪ್ರಹೇಲಿಕೆಗಳಿಗೆ ಮೀಸಲು. ಹಿಂದುಮುಂದಾಗಿ ಓದಿಸಿಕೊಳ್ಳುವ ಪದ್ಯವನ್ನು ಕವಿ ಕಟ್ಟುತ್ತಾನೆ, ಕೆಲವೊಮ್ಮೆ ಅರ್ಥವನ್ನು ಹಿಂಡಿ. ಸಂಖ್ಯೆಯಲ್ಲಿ ಅಂಥ ಹಿಂಡುವಿಕೆ ಸಾಧ್ಯವಿಲ್ಲ. ಇರುವುದನ್ನು ಹುಡುಕಿ ಮರೆಮಾಡಬಹುದು, ಅಷ್ಟೇ. ಚಿತ್ರಕಾವ್ಯವನ್ನು ಕಸರತ್ತೆಂದು ತಳ್ಳಿಹಾಕುವ ವಿಮರ್ಶಕರೂ ಈ ಪ್ರಹೇಲಿಕೆಯನ್ನು ಹಾಗೆ ತಳ್ಳಲಾರರು.

ಗ್ರಂಥವೆಲ್ಲ ಪದ್ಯರೂಪದಲ್ಲಿದೆ. ಅಂಕಿಗಳು ವಸ್ತುಗಳ ಹೆಸರಿನಲ್ಲಿ ಬರುತ್ತವೆ: ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು. ಇಲ್ಲಿ ರತ್ನವೆಂದರೆ ಮೂರು, ತತ್ತ್ವವೆಂದರೆ ಏಳು; ರತ್ನತ್ರಯ, ಸಪ್ತತತ್ತ್ವಗಳನ್ನು ಅರಿಯದವನ ಲೆಕ್ಕ ತಪ್ಪುತ್ತದೆ. ಇಂಥ ಪಠ್ಯಕ್ಕೆ ಗಣಿತಜ್ಞನೊಬ್ಬನೇ ಸಾಲನು.

ರಂಗಾಚಾರ್ಯರ ಮದರಾಸಿನ ಆವೃತ್ತಿ 1912ರಲ್ಲಿಯೇ ಬಂದಿತು; ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಆದ್ದರಿಂದ ಪುಸ್ತಕವಿಲ್ಲವೆಂಬ ನೆಪ ಉಳಿದಿಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಇಂದಿನ ಮಳಖೇಡ. ಕಾಗಿಣಾ ತೀರದ ಆ ಊರು ಬೀದರ್, ಬಗದಲ್ ಕಡೆಯ ವಿದ್ಯಾರ್ಥಿಗಳಿಗೆ ನೆರೆ ಜಿಲ್ಲೆಯದೇ. ಅಲ್ಲಿನ ಕನ್ನಡ ತರಗತಿಗಳಲ್ಲಿ 'ಕವಿರಾಜಮಾರ್ಗ' ಓದಿಸುವ ವಾರದಲ್ಲಿಯೇ ಕರಿಹಲಗೆಯ ಮೇಲೆ ಈ ಗುಣಾಕಾರವನ್ನೂ ಮಾಡಿಸಬೇಕು.