ಅದೇ ಫ್ಲಾಪಿ, ಬೇರೆ ಬರಹ
1980ರ ದಶಕದ ಕೊನೆಯಲ್ಲಿ ಅಮಿಗಾ, ಅಟಾರಿ ಎಸ್‌ಟಿ, ಪಿಸಿ ಈ ಮೂರೂ ಬಗೆಯ ಕಂಪ್ಯೂಟರಿಗೆ ಹಾಕುತ್ತಿದ್ದದ್ದು ಅದೇ ಮೂರೂವರೆ ಇಂಚಿನ ಫ್ಲಾಪಿ. ಪಿಸಿ ಅದರಲ್ಲಿ 720 ಕೆಬಿ ಬರೆದರೆ ಅಮಿಗಾ 880 ಕೆಬಿ ತುಂಬುತ್ತಿತ್ತು. ಪಿಸಿಯದು ಟ್ರ್ಯಾಕಿಗೆ, ಅಂದರೆ ಡಿಸ್ಕಿನ ಒಂದೊಂದು ವೃತ್ತಕ್ಕೆ, 9 ಸೆಕ್ಟರ್ ಅಥವಾ ತುಂಡು, ನಡುನಡುವೆ ಖಾಲಿ ಜಾಗ. ಒಂದನ್ನು ತಿದ್ದುವಾಗ ಪಕ್ಕದ್ದು ಅಳಿಸಿಹೋಗಬಾರದಲ್ಲ. ಅಮಿಗಾ ಇಡೀ ಟ್ರ್ಯಾಕನ್ನೇ ಒಂದೇ ಸಲಕ್ಕೆ ಬರೆಯುತ್ತಿದ್ದುದರಿಂದ ಆ ಜಾಗ ಬೇಕಿರಲಿಲ್ಲ, 11 ಸೆಕ್ಟರ್ ಹಿಡಿಸುತ್ತಿತ್ತು. ಈ ಜಾಣತನ ನನಗೆ ಈಗಲೂ ಬಹಳ ಇಷ್ಟ. ಆದರೆ ಪಿಸಿಯ ಕಂಟ್ರೋಲರ್ ಚಿಪ್ ತನಗೆ ಗೊತ್ತಿರುವ ಗುರುತುಗಳನ್ನಷ್ಟೇ ಹುಡುಕುತ್ತದೆ. ಅಮಿಗಾ ಡಿಸ್ಕ್ ಹಾಕಿದರೆ ಅದಕ್ಕೆ ಏನೂ ಸಿಗುವುದಿಲ್ಲ. ಅಮಿಗಾ ಮಾತ್ರ ಕ್ರಾಸ್‌ಡಾಸ್ ಎಂಬ ಸಾಫ್ಟ್‌ವೇರಿನ ಬಲದಿಂದಲೇ ಪಿಸಿ ಡಿಸ್ಕ್ ಓದುತ್ತಿತ್ತು. ಅಟಾರಿಯ ಕಥೆ ಇನ್ನೂ ಬೇಸರದ್ದು: ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ 720 ಕೆಬಿ ಡಿಸ್ಕನ್ನು ಅದು ಸಲೀಸಾಗಿ ಓದುತ್ತಿತ್ತು, ಆದರೆ ಮೊದಲ ಎಸ್‌ಟಿಗಳಲ್ಲಿ ಫಾರ್ಮ್ಯಾಟ್ ಮಾಡಿದ್ದನ್ನು ಪಿಸಿ ಒಪ್ಪುತ್ತಿರಲಿಲ್ಲ. ತಕರಾರೆಲ್ಲ ಬೂಟ್ ಸೆಕ್ಟರಿನ ಆರಂಭದ ಕೆಲವೇ ಬೈಟ್‌ಗಳದ್ದು! ಹಳೆಯ ಅಮಿಗಾ ಡಿಸ್ಕ್ ಇಟ್ಟುಕೊಂಡವರು ಈಗ ಗ್ರೀಸ್‌ವೀಜಲ್‌ನಂಥ ಪುಟ್ಟ ಬೋರ್ಡನ್ನು ಸಾಮಾನ್ಯ ಪಿಸಿ ಡ್ರೈವಿಗೆ ಜೋಡಿಸಿದರೆ ಸಾಕು. ಅದು ಸೆಕ್ಟರ್‌ಗಳನ್ನು ಹುಡುಕದೆ ಫ್ಲಾಪಿಯ ಮೇಲಿನ ಕಾಂತೀಯ ಬದಲಾವಣೆಗಳನ್ನೇ ಇದ್ದ ಹಾಗೆ ದಾಖಲಿಸುತ್ತದೆ. ಯಾವ ಕಂಪ್ಯೂಟರಿನದು ಎಂದು ಬಿಡಿಸಿ ಓದುವ ಕೆಲಸ ಆಮೇಲಿನದು. ಡಿಸ್ಕಿನ ಲೇಪ ಉದುರುವ ಮೊದಲೇ ಮಾಡಿಬಿಡಿ.